ದೇವರ ದಯೆಯೂ ಲೋಕದ ದುಃಖವೂ

ಕ್ರಿಸ್ತಶಕ ೧೭೫೫ನೆಯ ನವೆಂಬರ್ ಒಂದನೆಯ ದಿನ. ಪೋರ್ಚುಗಲ್ ದೇಶದ ರಾಜಧಾನಿಯಾದ ಲಿಸ್ಬನ್ ನಗರದಲ್ಲಿ ಸಕಲ ಸಂತರ ಹಬ್ಬ. ಬೆಳಗಿನ ಹೊತ್ತು, ದೇವಾಲಯಗಳಲ್ಲಿ ಜನರು ಕಿಕ್ಕಿರಿದು ನೆರೆದಿದ್ದರು, ಬಲಿಪೀಠಗಳ ಮೇಲೆ ದೀಪಗಳು ಉರಿಯುತ್ತಿದ್ದುವು. ಆಗ ಭೂಮಿ ನಡುಗಿತು. ಪ್ರಾರ್ಥಿಸುತ್ತಿದ್ದವರ ತಲೆಯ ಮೇಲೆಯೇ ಛಾವಣಿಗಳು ಕುಸಿದುವು. ಬದುಕಿ ನದೀತೀರಕ್ಕೆ ಓಡಿದವರನ್ನು ಸಮುದ್ರದ ಅಲೆಗಳು ಸೆಳೆದುಕೊಂಡುವು. ಉಳಿದುದನ್ನು ಬೆಂಕಿ ಹಲವು ದಿನ ಸುಟ್ಟಿತು. ಸತ್ತವರು ಹತ್ತಾರು ಸಾವಿರ ಮಂದಿ.

ದೇವರು ಸರ್ವಶಕ್ತನೂ ಪ್ರೇಮಸ್ವರೂಪಿಯೂ ಆಗಿದ್ದಾನೆಂದು ನಂಬುವ ಕ್ರೈಸ್ತರಿಗೆ ಇದಕ್ಕಿಂತ ಕಠಿನವಾದ ಪ್ರಶ್ನೆ ಮತ್ತೊಂದಿಲ್ಲ. ತಡೆಯಬಲ್ಲವನು ಏಕೆ ತಡೆಯಲಿಲ್ಲ? ನಮ್ಮ ದೇಶದಲ್ಲಿ ಪೂರ್ವಜನ್ಮದ ಕರ್ಮವೆಂದು ಹೇಳಿ ಸಮಾಧಾನ ತಂದುಕೊಳ್ಳುವುದುಂಟು. ಆ ಸಮಾಧಾನ ಎಷ್ಟರಮಟ್ಟಿಗೆ ಸಾಕೆಂಬುದು ಬೇರೆ ಮಾತು. ಕ್ರೈಸ್ತಮತದಲ್ಲಿ ಪೂರ್ವಜನ್ಮವೇ ಇಲ್ಲವಾದುದರಿಂದ ಆ ಬಾಗಿಲು ಮುಚ್ಚಿದೆ.

ದೇವರು ಮನುಷ್ಯನಿಗೆ ಸ್ವಾತಂತ್ರ್ಯವನ್ನು ಕೊಟ್ಟಿದ್ದಾನೆ, ಅದರ ದುರುಪಯೋಗವೇ ಕೇಡಿಗೆ ಮೂಲ ಎಂಬುದು ಸಂತ ಅಗಸ್ಟೀನನು ಬಲವಾಗಿ ಪ್ರತಿಪಾದಿಸಿದ ಉತ್ತರ. ಕೊಲೆ, ಯುದ್ಧ, ದಾಸ್ಯಗಳ ವಿಷಯದಲ್ಲಿ ಇದು ಬಹುಮಟ್ಟಿಗೆ ಒಪ್ಪತಕ್ಕದ್ದೆ. ಆದರೆ ಭೂಕಂಪವನ್ನು ಯಾವ ಮನುಷ್ಯನೂ ಸಂಕಲ್ಪಿಸಲಿಲ್ಲ. ಆರೇಳು ಅಂತಸ್ತಿನ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲವೆಂದು ರೂಸೋ ೧೭೫೬ರಲ್ಲಿ ವಾಲ್ಟೇರನಿಗೆ ಬರೆದನು. ನಿಜ, ಆದರೂ ಮನೆ ಕಟ್ಟದ ಹಸುಳೆಗಳೂ ಸತ್ತುವಲ್ಲ! ಸಾಧ್ಯವಾದ ಲೋಕಗಳಲ್ಲೆಲ್ಲ ನಮ್ಮದೇ ಉತ್ತಮವೆಂದು ಲೈಬ್ನಿಟ್ಸ್ ಪಂಡಿತನು ೧೭೧೦ರಲ್ಲಿಯೇ ವಾದಿಸಿದ್ದನು. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಆ ವಾದವನ್ನು ಮಂಡಿಸಲು ನಮಗಂತೂ ಬಾಯಿ ಬಾರದು.

ಇವರೆಲ್ಲರಿಗಿಂತ ಕಠೋರನಾದವನು ಮಲಗ್ರೀಡನೆಂಬ ಜೆಸ್ಯುಯಿಟ್ ಪಾದ್ರಿ. ನಗರದ ಪಾಪಗಳಿಗೆ ದೇವರು ವಿಧಿಸಿದ ಶಿಕ್ಷೆ ಇದೆಂದು ಅವನು ೧೭೫೬ರಲ್ಲಿ ಪುಸ್ತಿಕೆಯೊಂದನ್ನು ಪ್ರಕಟಿಸಿದನು. ಗಾಯದ ಮೇಲೆ ಬರೆಯೆಳೆದಂತಾಯಿತು. ಇಂಥ ಮಾತನ್ನು ಆಕ್ಷೇಪಿಸಲು ನಾಸ್ತಿಕರೇ ಬೇಕಾಗಿಲ್ಲ, ಬೈಬಲ್ಲೇ ಆಕ್ಷೇಪಿಸುತ್ತದೆ. ಸಿಲೋವದ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳೆಂಬುದನ್ನು ಯೇಸು ಸ್ಪಷ್ಟವಾಗಿ ಅಲ್ಲಗಳೆದನೆಂದು ಲೂಕನ ಸುವಾರ್ತೆಯಲ್ಲಿದೆ. ಪಶ್ಚಾತ್ತಾಪದ ಕರೆಯನ್ನು ಅವನು ಬಿಡಲಿಲ್ಲ. ಆದರೆ ಅದನ್ನು ಬದುಕಿದ್ದ ಕೇಳುಗರಿಗೆ ಹೇಳಿದನೇ ಹೊರತು ಸತ್ತವರ ಮೇಲೆ ಅಪವಾದ ಹೊರಿಸಲಿಲ್ಲ. ಯೋಬನ ಗ್ರಂಥದಲ್ಲಿಯೂ ಹಾಗೆಯೇ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಆ ಸತ್ಪುರುಷನೊಡನೆ ಸ್ನೇಹಿತರು ಮೊದಲು ಏಳು ದಿನ ಮೌನವಾಗಿ ನೆಲದ ಮೇಲೆ ಕುಳಿತಿದ್ದರು, ಅದು ಉಚಿತವಾಗಿತ್ತು. ಆಮೇಲೆ ಬಾಯಿ ತೆರೆದು, ನಿನ್ನ ಪಾಪವೇ ಕಾರಣವೆಂದು ಪಟ್ಟು ಹಿಡಿದರು. ಕಡೆಗೆ ದೇವರ ಕೋಪ ಉರಿದದ್ದು ತನ್ನನ್ನು ಪ್ರಶ್ನಿಸಿದ ಯೋಬನ ಮೇಲಲ್ಲ. ತನ್ನ ಪರವಾಗಿ ವಕಾಲತ್ತು ವಹಿಸಿದ ಆ ಸ್ನೇಹಿತರ ಮೇಲೆ!

ಹಾಗಾದರೆ ಕ್ರೈಸ್ತನು ಹೇಳಬಹುದಾದುದೇನು? ಅವನು ಶಿಲುಬೆಯನ್ನು ತೋರಿಸುತ್ತಾನೆ. ತನ್ನನ್ನೇಕೆ ಕೈಬಿಟ್ಟೆಯೆಂದು ಅಲ್ಲಿ ಕೂಗಿದವನು ದೇವರ ಮಗನೇ; ಆ ಕೂಗಿಗೂ ಆಕಾಶದಿಂದ ಉತ್ತರ ಬರಲಿಲ್ಲ. ನಾಟ್ಸಿಗಳ ಸೆರೆಮನೆಯಲ್ಲಿದ್ದ ಬಾನ್‌ಹಾಫರ್ ಎಂಬ ಜರ್ಮನ್ ಪಾದ್ರಿಯು, ತಾನೇ ಸಂಕಟಪಡುವ ದೇವರು ಮಾತ್ರ ನೆರವಾಗಬಲ್ಲನೆಂಬ ಅಭಿಪ್ರಾಯವನ್ನು ೧೯೪೪ರಲ್ಲಿ ಸ್ನೇಹಿತನಿಗೆ ಬರೆದನು. ಮರುವರ್ಷದ ಏಪ್ರಿಲಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ದುಃಖದ ಕಾರಣವನ್ನು ಅವನ ಮಾತು ತಿಳಿಸುವುದಿಲ್ಲ, ದುಃಖದಲ್ಲಿ ದೇವರಿರುವ ಸ್ಥಳವನ್ನು ತಿಳಿಸುತ್ತದೆ. ಇಷ್ಟು ಸಾಕೆ ಎಂದು ಕೇಳಿದರೆ, ಸಾಲದೆಂದೇ ಹೇಳಬೇಕಾದೀತು. ಪುನರುತ್ಥಾನದ ನಂಬಿಕೆಯಿಲ್ಲದೆ ಕ್ರೈಸ್ತನ ಉತ್ತರ ಅರ್ಧದಲ್ಲಿಯೇ ನಿಲ್ಲುತ್ತದೆ. ಅದು ಮತ್ತೊಂದು ಭಾಷಣಕ್ಕೆ ತಕ್ಕ ವಿಷಯ.