ಮೊಳೆ ಮರಳಿ ಖಾನೆಗೆ



ನಮ್ಮ ಮೂಡಿಗೆರೆ, ಕಳಸದಂಥ ಪೇಟೆಗಳಿಗೆ ಲಗ್ನಪತ್ರಿಕೆ, ತೋಟದ ರಸೀದಿ ಪುಸ್ತಕ ಒದಗಿಸುತ್ತಿದ್ದದ್ದು ಪುಟ್ಟ ಮುದ್ರಣಾಲಯಗಳು. ಎಷ್ಟೋ ಕಡೆ ಆಳು ಒಬ್ಬರೇ ಇರುತ್ತಿದ್ದರು. ಸೀಸದ ಅಚ್ಚುಮೊಳೆ ಜೋಡಿಸುವವರೂ ಅವರೇ, ಕರಡು ತಿದ್ದುವವರೂ ಅವರೇ, ಟ್ರೆಡಲ್ ಅಚ್ಚುಯಂತ್ರ ತುಳಿಯುವವರೂ ಅವರೇ. ಕನ್ನಡದ ಕಾಗುಣಿತ, ಒತ್ತಕ್ಷರಗಳಿಗೆಲ್ಲ ಬೇರೆ ಬೇರೆ ಮೊಳೆ, ಬೇರೆ ಬೇರೆ ಖಾನೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದೂ ಇಂಥ ಕೈಜೋಡಣೆಯಿಂದಲೇ.

ನನಗೆ ದೊಡ್ಡದಾಗಿ ಕಾಣುವುದು ಅಚ್ಚಾದ ಮೇಲಿನ ಕೆಲಸ. ಮೊಳೆಗಳನ್ನು ತೊಳೆದು, ಬಿಡಿಸಿ, ಆಯಾ ಖಾನೆಗೇ ಮರಳಿಸಬೇಕಿತ್ತು. ಮೊನ್ನೆ ಮದುವೆಗೆ ಕರೆದ ಅಕ್ಷರವೇ ನಾಳೆ ವೈಕುಂಠ ಸಮಾರಾಧನೆಯ ಪತ್ರಕ್ಕೂ ಬೇಕಿತ್ತು. ಒಂದು ಮೊಳೆ ಖಾನೆ ತಪ್ಪಿದರೆ ಯಾರದೋ ಹೆಸರು ತಪ್ಪಾಗಿ ಅಚ್ಚಾಗುವ ಭಯವಿತ್ತು. ಈ ಮರಳಿಸುವ ಕೆಲಸಕ್ಕೆ ಬೇರೆ ಕೂಲಿಯಿರಲಿಲ್ಲ, ನೋಡುವವರೂ ಇರಲಿಲ್ಲ.

ಇಂದು ಕೆಲಸ ಮುಗಿದ ಮೇಲೆ ನೀವೂ ಐದು ನಿಮಿಷ ಉಳಿಸಿಕೊಳ್ಳಿ. ತೆಗೆದದ್ದನ್ನು ತೆಗೆದ ಜಾಗದಲ್ಲೇ ಇಟ್ಟು ಏಳಿ.