ಮದ್ದಿನ ಜೊತೆಗೆ ಅರಿವು: ಮಧುಮೇಹ ಶಿಕ್ಷಣದ ಶುಶ್ರೂಷಕಿಯರ ಗುರಿ ಮತ್ತು ಮೌಲ್ಯಗಳು

(ಶತಮಾನೋತ್ಸವದ ನಿಮಿತ್ತ ಏರ್ಪಡಿಸಿದ್ದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ವರ್ಷಗಳನ್ನು ಪೂರೈಸಿದ ದೇವಾಲಯದ ಸಂಭ್ರಮದಲ್ಲಿ ರೋಗದ ಮಾತನ್ನೆತ್ತುವುದು ಕೆಲವರಿಗೆ ಅಸಮಂಜಸವೆಂದು ತೋರಬಹುದು. ಆದರೆ ಗೋಷ್ಠಿಯ ಸಂಚಾಲಕರು ನಮ್ಮ ಮುಂದಿರಿಸಿದ ಪ್ರಶ್ನೆ ಇದು: "ನಿಮ್ಮ ವೃತ್ತಿಯ ಗುರಿಯೇನು? ನೀವು ನಂಬಿ ನಡೆಯುವ ಮೌಲ್ಯಗಳಾವುವು?" ಸಿಂಧನೂರು, ಮಸ್ಕಿ, ಲಿಂಗಸೂಗೂರು ತಾಲೂಕುಗಳಲ್ಲಿ ಮಧುಮೇಹಿಗಳಿಗೆ ತಿಳಿವಳಿಕೆ ನೀಡುವುದನ್ನೇ ಕಸುಬಾಗಿ ಆರಿಸಿಕೊಂಡ ಶುಶ್ರೂಷಕಿಯರಾದ ನಾವು ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಬಲ್ಲೆವು. ನಮ್ಮಲ್ಲಿಗೆ ಬಂದ ರೋಗಿಯು ತನ್ನ ರೋಗವನ್ನು ತಾನೇ ನೋಡಿಕೊಳ್ಳುವಷ್ಟು ಬಲ್ಲವನಾಗಬೇಕು. ದಿನ ಕಳೆದಂತೆ ಅವನಿಗೆ ನಮ್ಮ ಅಗತ್ಯವೇ ಕಡಿಮೆಯಾಗಬೇಕು. ಈ ಮಾತನ್ನು ವಿವರಿಸಲು ತಮ್ಮ ಅಮೂಲ್ಯ ಸಮಯದಲ್ಲಿ ಸ್ವಲ್ಪವನ್ನು ಬೇಡುತ್ತೇವೆ.

ಈ ದೇವಾಲಯದ ವಯಸ್ಸೂ ಇನ್ಸುಲಿನ್ ಔಷಧಿಯ ವಯಸ್ಸೂ ಹೆಚ್ಚುಕಡಿಮೆ ಒಂದೇ ಎಂಬುದು ಸ್ವಾರಸ್ಯದ ಸಂಗತಿ. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್ ಮತ್ತು ಅವರ ಸಂಗಡಿಗರು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಈ ಔಷಧಿಯನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಅದನ್ನು ಮೊದಲ ಬಾರಿಗೆ ಚುಚ್ಚಲಾಯಿತು. ಅಲ್ಲಿಯವರೆಗೆ ಇಂತಹ ಮಕ್ಕಳು ತಂದೆತಾಯಿಯರ ಕಣ್ಣೆದುರಿನಲ್ಲೇ ಸವೆದು ಸಾಯುತ್ತಿದ್ದರು. ಸಾವಿನ ಅಂಚಿನಲ್ಲಿದ್ದ ಆ ಬಾಲಕನಾದರೋ ಮುಂದೆ 13 ವರ್ಷ ಬದುಕಿದನು. ಔಷಧಿಯ ಹಕ್ಕನ್ನು ಆ ಸಂಶೋಧಕರು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿಬಿಟ್ಟರು. ಜೀವ ಉಳಿಸುವ ಅರಿವು ಒಬ್ಬರ ಸ್ವತ್ತಾಗಬಾರದೆಂಬ ಪಾಠವನ್ನು ನಾವು ಅವರಿಂದ ಕಲಿತಿದ್ದೇವೆ.

ಔಷಧಿ ದೊರೆತ ಮೇಲೆ ಮತ್ತೊಂದು ಕೊರತೆ ಎದ್ದು ಕಂಡಿತು. ದಿನವೂ ಚುಚ್ಚಿಕೊಳ್ಳಬೇಕಾದ ಈ ಮದ್ದನ್ನು ರೋಗಿಗೆ ಮನೆಯಲ್ಲಿ ಕಲಿಸಿಕೊಡುವವರು ಯಾರು? ಅಮೆರಿಕದ ಬಾಸ್ಟನ್ ನಗರದ ವೈದ್ಯರಾದ ಎಲಿಯಟ್ ಜಾಸ್ಲಿನ್ ಅವರು ಶುಶ್ರೂಷಕಿಯರನ್ನು ಅಣಿಗೊಳಿಸಿ ರೋಗಿಗಳ ಮನೆಗಳಿಗೇ ಕಳುಹಿಸಿದರು. ನಮ್ಮ ಕಸುಬಿನ ಬೇರುಗಳು ಅಲ್ಲಿವೆ. ವೈದ್ಯರನ್ನು ತಿಂಗಳಿಗೊಮ್ಮೆ ಹತ್ತು ನಿಮಿಷ ಕಾಣುವ ರೋಗಿಯು ವರ್ಷದಲ್ಲಿ ಅವರೊಡನೆ ಕಳೆಯುವುದು ಎರಡು ಗಂಟೆ ಮಾತ್ರ. ವರ್ಷಕ್ಕಿರುವುದು 8,760 ಗಂಟೆ. ಮಿಕ್ಕ ಅಷ್ಟೂ ಹೊತ್ತು ಅವನ ವೈದ್ಯನು ಅವನೇ, ಅವನ ಶುಶ್ರೂಷಕಿ ಅವನ ಮನೆಯಾಕೆಯೇ. ಆ ಗಂಟೆಗಳಿಗೆ ಬೇಕಾದ ಬುತ್ತಿಯನ್ನು ಕಟ್ಟಿಕೊಡುವುದೇ ನಮ್ಮ ಕೆಲಸ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆ. ರೋಗದ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೂ ಹೆಚ್ಚು. ಇದು ಪಟ್ಟಣದ ಸಿರಿವಂತರ ರೋಗವೆಂಬ ಮಾತು ಈಗ ಸಲ್ಲದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ನೆಲ ಭತ್ತದ ಕಣಜವಾಯಿತು. ಅದು ದೇವರ ಕೃಪೆಯೇ ಸರಿ. ಆದರೆ ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು ಇದ್ದ ತಾಟಿನಲ್ಲಿ ಈಗ ಮೂರು ಹೊತ್ತೂ ಬಿಳಿಯ ಅನ್ನ. ನಡುನಡುವೆ ಸಕ್ಕರೆ ಸುರಿದ ಚಹಾ. ನಡೆದು ಹೋಗುತ್ತಿದ್ದ ಹೊಲಕ್ಕೆ ಮೋಟಾರು ಸೈಕಲ್ಲು. "ನನಗ ಸಕ್ರಿ ಬ್ಯಾನಿ ಐತ್ರೀ, ಆದ್ರ ಏನೂ ತ್ರಾಸಿಲ್ರೀ" ಎಂದು ಹೇಳುವವರನ್ನು ನಾವು ದಿನವೂ ಕಾಣುತ್ತೇವೆ. ತ್ರಾಸವಿಲ್ಲದಿರುವುದೇ ಈ ರೋಗದ ಮೋಸ. ನೋವು ಕೊಡದೆ ಅದು ಕಣ್ಣು, ಮೂತ್ರಪಿಂಡ, ನರಗಳನ್ನು ಒಳಗೊಳಗೇ ತಿನ್ನುತ್ತದೆ.

ಕೆಲವು ವರ್ಷಗಳ ಹಿಂದೆ ಸಿಂಧನೂರು ಸಮೀಪದ ಕ್ಯಾಂಪೊಂದರ ಕೂಲಿ ಹೆಣ್ಣುಮಗಳೊಬ್ಬಳು ನಮ್ಮಲ್ಲಿಗೆ ಬಂದಳು. ಗದ್ದೆಯಲ್ಲಿ ಕಳೆ ಕೀಳುವಾಗ ಅಂಗಾಲಿಗೆ ಜಾಲಿಯ ಮುಳ್ಳು ನೆಟ್ಟು, ಒಳಗೇ ಮುರಿದಿತ್ತು. "ಕಾಲಾಗ ಮುಳ್ಳು ಮುರದದ್ದು ನನಗ ಗೊತ್ತ ಆಗಲಿಲ್ರೀ ಅಕ್ಕಾರ" ಎಂದಳು. ವಾಸನೆ ಬಂದ ಮೇಲೆ ಮನೆಯವರು ನೋಡಿದ್ದರು. ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಆಕೆ ಆರು ವರ್ಷ ತಪ್ಪದೆ ಗುಳಿಗೆ ನುಂಗಿದವಳು. ಆದರೆ ಆ ಆರು ವರ್ಷಗಳಲ್ಲಿ ಒಬ್ಬರಾದರೂ ಆಕೆಗೆ, "ಅವ್ವಾ, ಸಂಜೆ ಕೈಕಾಲು ತೊಳೆದ ಮೇಲೆ ಅಂಗಾಲನ್ನು ನೋಡಿಕೋ" ಎಂದು ಹೇಳಿರಲಿಲ್ಲ. ಆ ಒಂದು ಮಾತಿಗೆ ಖರ್ಚಿಲ್ಲ, ಯಂತ್ರ ಬೇಡ. ಅದು ದೊರೆಯದೆ ಎರಡು ಬೆರಳು ಹೋದವು, ಒಂದು ಹಂಗಾಮಿನ ಕೂಲಿ ಹೋಯಿತು. ಇಂದು ಆಕೆಯ ಮೊಮ್ಮಗಳು ದಿನವೂ ಅಜ್ಜಿಯ ಪಾದಗಳನ್ನು ನೋಡುತ್ತಾಳೆ. ಅಜ್ಜಿ ನೆರೆಯ ಹೆಂಗಸರಿಗೆ ಅದನ್ನೇ ಕಲಿಸುತ್ತಾಳೆ. ನಮ್ಮ ದೃಷ್ಟಿಯಲ್ಲಿ ಆಕೆಯೂ ಈಗ ನಮ್ಮಂತೆಯೇ ಒಬ್ಬ ಶಿಕ್ಷಕಿ.

ನಾವು ಹೇಳಿಕೊಡುವ ಸಂಗತಿಗಳು ನೋಡಲು ಸಣ್ಣವು. ನಮ್ಮಲ್ಲಿ ಸೀಸೆಯಲ್ಲಿ ದೊರೆಯುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಘಟಕಗಳದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಘಟಕಗಳದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜು. 40ರ ಮದ್ದನ್ನು 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು 8 ಘಟಕ ಮಾತ್ರ. 100ರ ಮದ್ದನ್ನು 40ರ ಸಿರಿಂಜಿನಲ್ಲಿ ಎಳೆದರೆ 20ರ ಬದಲು 50 ಘಟಕ ಸೇರಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಓದು ಬಾರದವರೂ ಬಣ್ಣವನ್ನು ಬಲ್ಲರು. ಆದುದರಿಂದ ನಾವು ಬಣ್ಣದಿಂದಲೇ ಕಲಿಸುತ್ತೇವೆ. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಫ್ರಿಜ್ ಇಲ್ಲದ ಮನೆಯವರು ಸೀಸೆಯನ್ನು ನೀರು ಸೋಕದಂತೆ ಚೀಲದಲ್ಲಿ ಸುತ್ತಿ, ತೇವದ ಮರಳಿನ ಮೇಲಿಟ್ಟ ಮಣ್ಣಿನ ಗಡಿಗೆಯಲ್ಲಿ ಇರಿಸುವುದನ್ನು ತೋರಿಸುತ್ತೇವೆ. ಮೈ ಬೆವೆತು, ಕೈ ನಡುಗಿ, ಕಣ್ಣು ಕತ್ತಲಿಟ್ಟರೆ ಅದು ಸಕ್ಕರೆ ಇಳಿದುದರ ಸೂಚನೆ. ಆಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮಸ್ಕಿ, ಲಿಂಗಸೂಗೂರು ಕಡೆಯ ಒಣಬೇಸಾಯದ ಹಳ್ಳಿಗಳಿಂದ ಗುಳೆ ಹೋಗುವವರಿಗೆ, ಗಂಟುಮೂಟೆಯ ಜೊತೆಗೆ ಔಷಧಿಯ ಚೀಟಿಯನ್ನೂ ತಿಂಗಳೆರಡರ ಗುಳಿಗೆಗಳನ್ನೂ ಕಟ್ಟಿಕೊಳ್ಳಲು ನೆನಪಿಸುತ್ತೇವೆ.

ಇನ್ನು ನಾವು ನಂಬಿ ನಡೆಯುವ ಮೌಲ್ಯಗಳು.

ಮೊದಲನೆಯದು, ರೋಗಿಯನ್ನು ಬೈಯದಿರುವುದು. "ಮತ್ತೆ ಹೋಳಿಗೆ ತಿಂದೆಯಾ?" ಎಂದು ಎಲ್ಲರೆದುರು ಗದರಿಸಿದರೆ ಅವನು ತಿನ್ನುವುದನ್ನು ಬಿಡುವುದಿಲ್ಲ, ನಮ್ಮಲ್ಲಿಗೆ ಬರುವುದನ್ನು ಬಿಡುತ್ತಾನೆ. ರೋಗವು ಪಾಪದ ಸಂಬಳವಲ್ಲ. ಹುಟ್ಟುಕುರುಡನನ್ನು ಕಂಡು ಇವನ ಕುರುಡಿಗೆ ಯಾರ ಪಾಪ ಕಾರಣವೆಂದು ಕೇಳಿದ ಶಿಷ್ಯರಿಗೆ ಪ್ರಭುವು ಕೊಟ್ಟ ಉತ್ತರವನ್ನು ತಾವೆಲ್ಲರೂ ಬಲ್ಲಿರಿ.

ಎರಡನೆಯದು, ಅವರವರ ಅಡಿಗೆಮನೆಯಿಂದಲೇ ಪಾಠವನ್ನು ಆರಂಭಿಸುವುದು. ಬೇರೆ ಊರಿನಲ್ಲಿ ಅಚ್ಚಾದ ಪಥ್ಯದ ಪಟ್ಟಿಯಲ್ಲಿ ಸೇಬು, ಓಟ್ಸ್ ಇರುತ್ತವೆ. ಕೂಲಿಕಾರನ ಮನೆಯಲ್ಲಿ ಅವು ಇರುವುದಿಲ್ಲ. ಅನ್ನದ ಪಾಲನ್ನು ಅರ್ಧಕ್ಕಿಳಿಸಿ, ಕಾಳುಪಲ್ಯದ ಪಾಲನ್ನು ಹೆಚ್ಚಿಸಿ, ರೊಟ್ಟಿಯನ್ನೂ ಎಣಿಸಿ ತಿನ್ನಿರೆಂದರೆ ಅದು ನಡೆಯುವ ಮಾತು.

ಮೂರನೆಯದು, ಸತ್ಯ. ಹಾಗಲಕಾಯಿಯ ರಸ ಕುಡಿದು ಇನ್ಸುಲಿನ್ ಬಿಡಬಹುದೆಂದು ಹೇಳುವವರು ಸಂತೆಗಳಲ್ಲಿದ್ದಾರೆ. ಜನರಿಗೆ ಹಿತವಾಗುವ ಸುಳ್ಳಿಗಿಂತ ಕಹಿಯಾದ ನಿಜವನ್ನು ನಾವು ಆರಿಸಿಕೊಳ್ಳುತ್ತೇವೆ. ಅಂತೆಯೇ ನಮ್ಮ ಮೇರೆಯನ್ನೂ ಅರಿತಿದ್ದೇವೆ. ಔಷಧಿಯ ಪ್ರಮಾಣವನ್ನು ನಿರ್ಧರಿಸುವವರು ವೈದ್ಯರು, ನಾವಲ್ಲ.

ನಾಲ್ಕನೆಯದು, ಗುಟ್ಟನ್ನು ಕಾಯುವುದು. ಎಳೆಯ ವಯಸ್ಸಿನಲ್ಲೇ ಇನ್ಸುಲಿನ್ ಹಿಡಿದ ಹೆಣ್ಣುಮಕ್ಕಳನ್ನು ಬಲ್ಲೆವು. ಮದುವೆ ತಪ್ಪೀತೆಂಬ ಭಯದಿಂದ ತಂದೆತಾಯಿಯರು ಸಿರಿಂಜನ್ನು ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಡುತ್ತಾರೆ. ಒಬ್ಬ ಹುಡುಗಿಯ ಮನೆಗೆ ನಾವು ಸಮವಸ್ತ್ರವಿಲ್ಲದೆ, ಬಳಗದವರಂತೆ ಸೀರೆಯುಟ್ಟು ಹೋಗುತ್ತಿದ್ದೆವು. ಆಕೆಯ ಗುಟ್ಟು ನಮ್ಮಲ್ಲೇ ಉಳಿಯಿತು. ಆದರೆ ಗಂಡನ ಮನೆಗೆ ಹೋದ ಮೇಲೆ ಹೆದರಿ ಮದ್ದನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣ ಹೋದೀತೆಂದು ಆಕೆಗೂ ಹೆತ್ತವರಿಗೂ ಬಿಡಿಸಿ ಹೇಳಿದೆವು. ಕೊನೆಗೆ ಅವರೇ ಮುಂದಾಗಿ ವರನ ಕಡೆಯವರಿಗೆ ತಿಳಿಸಿದರು, ಮದುವೆಯೂ ನಡೆಯಿತು. ಗುಟ್ಟನ್ನು ಕಾಯುವುದು ನಮ್ಮ ಧರ್ಮ, ಗುಟ್ಟು ಬೇಕಿಲ್ಲದ ಸಮಾಜವನ್ನು ಕಟ್ಟುವುದು ತಮ್ಮೆಲ್ಲರ ಧರ್ಮ.

ನಮ್ಮ ಸ್ವಂತದ ಆಶೆಗಳೇನೆಂದು ಕೆಲವರು ಕೇಳುತ್ತಾರೆ. ನಮ್ಮೊಡನೆ ಕಲಿತ ಅನೇಕರು ಕೊಲ್ಲಿ ರಾಷ್ಟ್ರಗಳಿಗೂ ಇಂಗ್ಲೆಂಡಿಗೂ ಹೋಗಿ ಇಲ್ಲಿಗಿಂತ ಹಲವು ಪಟ್ಟು ಸಂಬಳ ಪಡೆಯುತ್ತಿದ್ದಾರೆ. ಅವರನ್ನು ನಾವು ದೂಷಿಸುವುದಿಲ್ಲ; ಅವರ ಹಣದಿಂದ ತಮ್ಮತಂಗಿಯರ ಓದು ನಡೆದಿದೆ. ಆ ಕರೆ ನಮಗೂ ಬಂದಿತ್ತು. ಹೊಸ ಭಾಷೆಯನ್ನು ನಾವು ಕಲಿಯಬಹುದಾಗಿತ್ತು. ಆದರೆ ಈ ಸೀಮೆಯ ಮಾತು, ಊಟ, ಸಂಕೋಚಗಳನ್ನು ಬಲ್ಲ ಶಿಕ್ಷಕಿ ಇಲ್ಲಿಗೆ ಹೊರಗಿನಿಂದ ಬರುವುದು ದುರ್ಲಭ. ಆದುದರಿಂದ ಇಲ್ಲಿಯೇ ಉಳಿದೆವು. ನಾವು ಬಯಸುವುದು ಮೂರನ್ನು. ನಮ್ಮ ಓದು ನಿಲ್ಲಬಾರದು. ಮಧುಮೇಹದ ಚಿಕಿತ್ಸೆ ವರ್ಷವರ್ಷವೂ ಬದಲಾಗುತ್ತಿರುವಾಗ ಹಳೆಯ ಪಾಠವನ್ನೇ ಒಪ್ಪಿಸುವುದು ಅನ್ಯಾಯ. ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸೂಗೂರಿಗೆ ಹೋಗುವ ದಾರಿಯ ಈ ಮೂರು ಊರುಗಳಲ್ಲೂ ವಾರಕ್ಕೊಂದು ನಿಶ್ಚಿತ ದಿನ ಪಾದ ಪರೀಕ್ಷೆ ಮತ್ತು ತಿಳಿವಳಿಕೆಯ ಕೂಟ ನಡೆಯಬೇಕು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೂ ನಮ್ಮ ಕಿರಿಯ ಶುಶ್ರೂಷಕಿಯರಿಗೂ ನಾವು ಬಲ್ಲುದೆಲ್ಲವನ್ನೂ ಕಲಿಸಿ, ನಮ್ಮ ನಂತರವೂ ಈ ಕೆಲಸ ನಿಲ್ಲದಂತೆ ಮಾಡಬೇಕು.

ತಮ್ಮಲ್ಲಿ ನಮ್ಮ ವಿನಮ್ರ ಕೋರಿಕೆಗಳು ಕೆಲವಿವೆ. 30 ವರ್ಷ ದಾಟಿದವರು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿರಿ. ಬರಿಹೊಟ್ಟೆಯ ಸಕ್ಕರೆಯ ಅಂಶ 126 ಅಥವಾ ಅದಕ್ಕೆ ಮೇಲಿದ್ದರೆ ವೈದ್ಯರನ್ನು ಕಾಣಲು ತಡಮಾಡಬೇಡಿರಿ. ಹಬ್ಬದ ಊಟದಲ್ಲಿ ಸಿಹಿ ಬೇಡವೆಂದವರನ್ನು ಒತ್ತಾಯಿಸಬೇಡಿರಿ. ಬೂದಿ ಬುಧವಾರ, ಶುಭ ಶುಕ್ರವಾರಗಳ ಉಪವಾಸದ ಕಟ್ಟಳೆ ರೋಗಿಗಳನ್ನು ಬಂಧಿಸುವುದಿಲ್ಲ. ಇನ್ಸುಲಿನ್ ಚುಚ್ಚಿಕೊಂಡು ಹಸಿದಿರುವುದು ಭಕ್ತಿಯಲ್ಲ, ಅಪಾಯ. ಸಂದೇಹವಿದ್ದವರು ಗುರುಗಳನ್ನೂ ವೈದ್ಯರನ್ನೂ ಕೇಳಿ ತಿಳಿಯಿರಿ. ಎಲ್ಲಕ್ಕೂ ಮಿಗಿಲಾಗಿ, ಇಂದು ಮನೆಗೆ ಹೋದ ಮೇಲೆ ಮಧುಮೇಹಿಗಳಾದ ತಮ್ಮ ಹಿರಿಯರ ಪಾದಗಳನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಿರಿ. ಪವಿತ್ರ ಗುರುವಾರದಂದು ಪಾದ ತೊಳೆಯುವ ವಿಧಿಯನ್ನು ವರ್ಷವರ್ಷವೂ ಕಾಣುವ ನಮಗೆ ಇದನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ.