ಸೀರೆ ಗಾರ್ಡ್‌ಗೆ ಬೇರೆ ದುಡ್ಡಾ?

ಚಿಂತಾಮಣಿಯಲ್ಲಿ ಹೊಸ ಬೈಕ್ ಬುಕ್ ಮಾಡ್ತಿದ್ದೀರಾ? ಅಕ್ಸೆಸರೀಸ್ ಬಿಲ್ ಒಂದ್ಸಲ ಓದಿ. ಸೀರೆ ಗಾರ್ಡ್, ಹಿಂದೆ ಕೂತವರ ಹಿಡಿಕೆ, ಫುಟ್‌ರೆಸ್ಟ್ ಎಕ್ಸ್‌ಟ್ರಾ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಇವು ಕಂಪನಿಯಿಂದಲೇ ಬೈಕ್ ಜೊತೆ ಬರಬೇಕು. ಹಿಂದಿನ ಚಕ್ರ ಅರ್ಧವಾದ್ರೂ ಮುಚ್ಚಿರಬೇಕು, ಸೆರಗು ಸಿಕ್ಕಬಾರದು ಅಂತ.

ಸೀಟ್ ಕವರ್, ಲೆಗ್ ಗಾರ್ಡ್ ಹೊರಗಡೆ ಹಾಕ್ಸಿ, ತೊಂದರೆ ಇಲ್ಲ. ಲೈಟ್ ಮಾತ್ರ ಯೋಚನೆ ಮಾಡಿ. ನಾನು ಅಗ್ಗಕ್ಕೆ ಅಂತ ಹೊರಗಡೆ ಫಾಗ್ ಲ್ಯಾಂಪ್ ಹಾಕ್ಸಿದ್ದೆ. ವೈರ್ ಕತ್ತರಿಸಿ ಟೇಪ್ ಸುತ್ತಿದ್ರು. ರಿಲೇ ಇಲ್ಲ, ಬೇರೆ ಫ್ಯೂಸೂ ಇಲ್ಲ. ಒಂದು ರಾತ್ರಿ ಹೊಸಕೋಟೆಯಿಂದ ಬರ್ತಾ ಎಚ್ ಕ್ರಾಸ್ ದಾಟಿದ್ಮೇಲೆ ಫ್ಯೂಸ್ ಹೋಯ್ತು, ಹೆಡ್‌ಲೈಟೂ ಆಫ್. ಹಿಂದಿನ ಸೀಟಲ್ಲಿ ಅಮ್ಮ, ಅದರ ಹಿಂದೆ ಟೊಮೆಟೊ ಲಾರಿ.

ಸರ್ವಿಸ್‌ನವರು ವಾರಂಟಿ ಬರಲ್ಲ ಅಂದ್ರು. ಆ ವೈರ್ ನೋಡಿದ್ರೆ ನಾನೂ ಅದನ್ನೇ ಅಂತಿದ್ದೆ.